ಮಾಲವಣದ ದಂಡೆಯಲ್ಲಿ ಟಗರಿನ ಹಗ್ಗ

ಜತ್ತಿನಿಂದ ಬೆಳಗಿನ ಮೊದಲ ಬಸ್ಸಿಗೆ ನಾವು ಮೂವರು ಹತ್ತಿದೆವು: ಬಿಳೂರಿನ ಸಾಲೆಯ ಮಾಸ್ತರನಾದ ನಾನು, ಕುರಿ ಸಾಕುವ ಬೀರಪ್ಪ, ಡಫಳಾಪುರದಲ್ಲಿ ಬಟ್ಟೆ ಹೊಲಿಯುವ ದಸ್ತಗೀರ. ಮಾಲವಣದಿಂದ ದೇವಗಡದವರೆಗೆ ಸಮುದ್ರದಲ್ಲಿ ನಾವೇ ದೋಣಿ ನಡೆಸಬೇಕೆಂಬ ಆಸೆ ನಮ್ಮದು. ಬೀಳ್ಕೊಡಲು ಬಂದವರು ಬೀರಪ್ಪನ ಹೆಂಡತಿ ಕಾಶವ್ವ.

"ಕುರಿ ಕಾಯೋರಿಗೆ ಸಮುದ್ರ ಯಾಕ ಬೇಕ್ರಿ ಮಾಸ್ತರ? ಇವರು ಅರ್ಧದಾಗ ಹೊಳ್ಳಿ ಬರತಾರ, ನೋಡ್ರಿ."

ಬೀರಪ್ಪ ಕಿಟಕಿಯಿಂದ ತಲೆ ಹೊರಹಾಕಿದ. "ದೇವಗಡ ಮುಟ್ಟಲಿಲ್ಲಂದ್ರ ಇನ್ನ ಮ್ಯಾಲೆ ಮೀಸಿ ತಿರುವೂದಿಲ್ಲ!" ಬಸ್ಸಿನವರೆಲ್ಲ ನಕ್ಕರು. ಆ ಮೀಸೆ ಊರಿಗೇ ಗೊತ್ತು.

ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿ, ಘಾಟು ಇಳಿದು, ಸಂಜೆಗೆ ಮಾಲವಣ ಸೇರಿದೆವು. ಮರುದಿನವೆಲ್ಲ ದಂಡೆಯ ಹತ್ತಿರವೇ ಹುಟ್ಟು ಹಾಕಲು ಕಲಿತೆವು. ನಮ್ಮದು ಬಾವಿಯ ಈಜು. ಉಪ್ಪುನೀರು ಮೂಗಿಗೆ ಹೋದಾಗೆಲ್ಲ ದಸ್ತಗೀರ, "ಯಾ ಅಲ್ಲಾ, ಇಷ್ಟ ನೀರ ಇಟ್ಟು ಒಂದ ಗುಟುಕೂ ಕುಡ್ಯಾಕ ಬರದಂಗ ಮಾಡೀಯಲ್ಲ!" ಎನ್ನುತ್ತಿದ್ದ.

ಮೂರನೆಯ ದಿನ ಹೊರಟೆವು. ಇಬ್ಬರು ಕೂರುವ ಉದ್ದನೆಯ ಕಯಾಕ್ ದೋಣಿಯಲ್ಲಿ ಬೀರಪ್ಪ ಮತ್ತು ನಾನು, ಸಣ್ಣವುಗಳಲ್ಲಿ ದಸ್ತಗೀರ ಮತ್ತು ನಮಗೆ ದಾರಿ ತೋರಿಸುವ ಸುಧಾಕರ. ಬಲಕ್ಕೆ ಕಪ್ಪು ಬಂಡೆಗಳ ಸಾಲು, ಎಡಕ್ಕೆ ಬರೀ ನೀರು. ಬಿಸಿಲು ಹಿತವಾಗಿತ್ತು. ಸಂಜೆ ಬಂಡೆಗಳ ನಡುವಿನ ಪುಟ್ಟ ದಂಡೆಯಲ್ಲಿ ಇಳಿದು ಬಂಗಡೆ ಮೀನು ಸುಟ್ಟು, ಮನೆಯಿಂದ ತಂದ ಸಜ್ಜೆ ರೊಟ್ಟಿಯ ಜೊತೆ ತಿಂದೆವು.

ದೋಣಿಗಳನ್ನು ಮೇಲೆ ಎಳೆದಿಡಲು ಸುಧಾಕರ ಹೇಳಿದ್ದ. ನಮ್ಮದು ಭಾರ, ತೋಳುಗಳು ಸೋತಿದ್ದವು. ಬೀರಪ್ಪ ಅದನ್ನು ನೀರಂಚಿನ ಬಂಡೆಗೆ ಮೊಳದುದ್ದ ಹಗ್ಗದಲ್ಲಿ ಬಿಗಿದ. "ಟಗರಿಗೆ ಉದ್ದ ಹಗ್ಗ ಕೊಟ್ಟರ ಓಡ್ಯಾಡತೈತ್ರಿ ಮಾಸ್ತರ. ಗಿಡ್ಡ ಕಟ್ಟಬೇಕು." ನಾನೂ ಹೂಂ ಎಂದೆ. ನಮ್ಮ ಕೆರೆಯ ನೀರು ಒಂದೇ ರಾತ್ರಿಯಲ್ಲಿ ಏರಿ ಇಳಿದದ್ದನ್ನು ನಾವು ಕಂಡಿರಲಿಲ್ಲ.

ಬೆಳಿಗ್ಗೆ ನೋಡಿದರೆ ದೋಣಿಯ ತುಂಬ ನೀರು. ರಾತ್ರಿ ಭರತ ಬಂದು ನೀರು ಏರಿದಾಗ ಗಿಡ್ಡ ಹಗ್ಗ ಅದರ ಮೂತಿಯನ್ನು ಮೇಲೇಳಲು ಬಿಟ್ಟಿರಲಿಲ್ಲ. ಒಳಗಿಟ್ಟಿದ್ದ ಎರಡೂ ಹುಟ್ಟುಗಳು ತೇಲಿಹೋಗಿದ್ದವು. ಸುಧಾಕರನ ಬಳಿ ಹೆಚ್ಚಿಗೆ ಇದ್ದದ್ದು ಒಂದೇ. ಒಂದು ಹುಟ್ಟಿನಿಂದ ಸಮುದ್ರಕ್ಕೆ ಚಾಚಿದ ಮುಂದಿನ ಬಂಡೆಯ ಮೂಲೆ ದಾಟಲಾಗದು, ಮೇಲೆ ರಸ್ತೆಯಿದೆ, ಬಸ್ಸು ಹಿಡಿಯೋಣ ಎಂದು ಅವನು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಬೀರಪ್ಪನ ಕೈ ಮೀಸೆಯವರೆಗೆ ಹೋಗಿ ಕೆಳಗಿಳಿಯಿತು. ನನಗೆ ನಿಜಕ್ಕೂ ಸಂಕಟವಾಯಿತು. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ನೀರು ಹರಿಯುತ್ತಿದ್ದ ದಿಕ್ಕನ್ನು ನೋಡಿದ ಬೀರಪ್ಪ ಥಟ್ಟನೆ ಎದ್ದ. "ಮರಿ ತಪ್ಪಿದರ ನಾವು ಹುಡುಕೂದಿಲ್ರಿ. ತಾಯಿಕುರಿ ಬಿಟ್ಟು ಅದರ ಹಿಂದ ಹೋಗತೀವಿ." ಉಳಿದಿದ್ದ ಆ ಒಂದೇ ಹುಟ್ಟನ್ನು ನೀರಿಗೆ ಎಸೆದೇಬಿಟ್ಟ!

ಸುಧಾಕರ ತಲೆಯ ಮೇಲೆ ಕೈ ಹೊತ್ತ. ನೀರು ಇನ್ನೂ ಇಳಿಯುತ್ತಿತ್ತು. ಹುಟ್ಟು ಬಂಡೆಗಳನ್ನು ಸವರುತ್ತ ಸಾಗಿತು. ಸುಧಾಕರನೂ ದಸ್ತಗೀರನೂ ಸಣ್ಣ ದೋಣಿಗಳಲ್ಲಿ ಹಿಂದೆ ಹೋದರು, ನಾವಿಬ್ಬರು ದಂಡೆಗುಂಟ ಓಡಿದೆವು. ಎರಡು ಬಂಡೆ ದಾಟಿ ಅದು ಒಂದು ಸಂದಿಗೆ ನುಗ್ಗಿ ನಿಂತಿತು. ಒಳಗಿನಿಂದ ದಸ್ತಗೀರನ ಕೂಗು: "ಬೀರಪ್ಪಾ, ನಿನ್ನ ಮರಿ ಎರಡೂ ಇಲ್ಲೇ ಅದಾವೋ!"

ಮರುದಿನ ಮಧ್ಯಾಹ್ನ ದೇವಗಡ ಮುಟ್ಟಿದೆವು. ಬೀರಪ್ಪ ಮೀಸೆ ಮುಟ್ಟಲಿಲ್ಲ. ಬಿಳೂರಿನ ತನ್ನ ಅಂಗಳದಲ್ಲಿ, ಕಾಶವ್ವನವರ ಎದುರು ನಿಂತ ಮೇಲೆಯೇ ಎರಡೂ ಕಡೆ ತಿರುವಿದ. ಅವರು ಸೋತು ನಕ್ಕು ಚಹಾ ಕೊಟ್ಟರು.

ಮರುದಿನ ಬೆಳಿಗ್ಗೆ ಕಾಶವ್ವನವರು ಸಾಲೆಯ ಬಾಗಿಲಿಗೇ ಬಂದರು. "ಟಗರಿಗೆ ಅಷ್ಟ ಉದ್ದ ಹಗ್ಗ ಕಟ್ಟಂತ ನಮ್ಮವರಿಗೆ ಯಾರ ಕಲಿಸ್ಯಾರ್ರಿ ಮಾಸ್ತರ? ಮಗ್ಗಲ ಮನಿಯವರ ಜ್ವಾಳದ ಕಣಿಕಿ ಮೇವೆಲ್ಲಾ ತಿಂದು ಮಲಗೇತಿ!"