ಇನ್ನಂಜೆಯ ಕೋಣೆಗೆ ಹಾಕಿದ ಹನ್ನೊಂದನೆಯ ಹಲಗೆ

೧೯೮೩ರಲ್ಲಿ ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಆಡಿಯೋ ಟೆಕ್ನೀಷಿಯನ್ ಆಗಿದ್ದೆ. ಮೈಕ್, ಆಂಪ್ಲಿಫೈಯರ್, ಪ್ರೊಜೆಕ್ಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದು ಐ.ಟಿ.ಐ. ಮಾತ್ರ. ಆ ವರ್ಷ ನಮ್ಮ ದೊಡ್ಡ ಲೆಕ್ಚರ್ ಹಾಲಿನಲ್ಲಿ ಪಾಠ ಹೇಳಿದರೆ ಹಿಂದಿನ ಸಾಲಿನವರಿಗೆ ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಹೊರಗಿನಿಂದ ಬಂದ ಎಂಜಿನಿಯರೊಬ್ಬರು ಗೋಡೆಗಳಿಗೆ ಸದ್ದು ಹೀರುವ ಅಕೌಸ್ಟಿಕ್ ಪ್ಯಾನೆಲ್ ಹಾಕಿಸಿ ಅದನ್ನು ಸರಿಮಾಡಿದರು. ಅವರ ಜೊತೆ ಮೂರು ವಾರ ಇದ್ದು ಕೆಲಸ ಕಲಿತೆ. ಕಲಿತದ್ದನ್ನು ಮೊದಲು ಬಳಸಿದ್ದು ನನ್ನ ಅಕ್ಕನ ಮನೆಯಲ್ಲಿ.

ಅಕ್ಕ ಸುಮತಿ ನನಗಿಂತ ಆರು ವರ್ಷ ದೊಡ್ಡವಳು. ಭಾವ ಒಂಬತ್ತು ವರ್ಷ ಗಲ್ಫಿನಲ್ಲಿದ್ದು ಆ ಮಳೆಗಾಲ ಮುಗಿಯುವಾಗ ಊರಿಗೆ ಬಂದಿದ್ದರು. ಕಾಪು ಹತ್ತಿರದ ಇನ್ನಂಜೆಯಲ್ಲಿ ಗದ್ದೆಯ ಬದಿಗೆ ತಾರಸಿ ಮನೆ ಕಟ್ಟಿಸಿದ್ದರು. ಮಕ್ಕಳಿರಲಿಲ್ಲ. ಬರುವಾಗ ಒಂದು ಸ್ಟೀರಿಯೋ ಸೆಟ್ ತಂದಿದ್ದರು, ಸೊಂಟದೆತ್ತರದ ಎರಡು ಸ್ಪೀಕರುಗಳದ್ದು. ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದರಂತೆ. ಒಬ್ಬನೇ ಕುಳಿತು ಹಾಡು ಕೇಳಲು ಒಂದು ಕೋಣೆ ಬೇಕೆಂಬುದು ಅವರ ಒಂಬತ್ತು ವರ್ಷಗಳ ಆಸೆ. ಕೋಣೆ ಸಿಕ್ಕಿತು. ಆದರೆ ಮೊಸಾಯಿಕ್ ನೆಲ, ಸಿಮೆಂಟ್ ಗೋಡೆ, ಕಾಂಕ್ರೀಟ್ ಮಾಡಿನ ಆ ಕೋಣೆಯಲ್ಲಿ ಹಾಡು ಹಾಕಿದರೆ ತಗಡಿನ ಡಬ್ಬಿ ಬಡಿದ ಹಾಗೆ ಇತ್ತು.

"ಎಂತ ಮಾರಾಯ ಇದು? ಅಂಗಡಿಯಲ್ಲಿ ಕೇಳುವಾಗ ಹೀಗೆ ಇರಲಿಲ್ಲ," ಎಂದರು ಭಾವ. ನಾನು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ನಿಂತ ಮೇಲೂ ಸದ್ದು ಗೋಡೆಯಿಂದ ಗೋಡೆಗೆ ಹಾರುತ್ತ ಉಳಿಯಿತು.

"ಸೆಟ್ಟಿನದ್ದಲ್ಲ ಭಾವ, ಕೋಣೆಯದ್ದು. ಗಟ್ಟಿ ಗೋಡೆ ಸದ್ದನ್ನು ವಾಪಸು ಕೊಡ್ತದೆ. ಮೆತ್ತಗಿನದ್ದು ಹಾಕಿದರೆ ಅದು ಹೀರಿಕೊಳ್ತದೆ."

ಪ್ಯಾನೆಲ್ ಒಳಗೆ ತುಂಬಲು ಕಾಲೇಜಿಗೆ ತರಿಸಿದಂಥ ಗ್ಲಾಸ್‌ವೂಲ್, ಅಂದರೆ ಗಾಜಿನ ನಾರು, ನಮಗೆ ಸಿಗುವಂತಿರಲಿಲ್ಲ. ಕಾರ್ಕಳದ ಮರದ ಮಿಲ್ಲಿನಿಂದ ರೀಪು ಪಟ್ಟಿ ತಂದು ನಾಲ್ಕಡಿ ಉದ್ದ, ಎರಡಡಿ ಅಗಲದ ಚೌಕಟ್ಟು ಮಾಡಿದೆ. ಒಳಗೆ ತುಂಬಲು ಹತ್ತಿರದ ಮಟ್ಟು ಊರಿನಿಂದ ತೆಂಗಿನ ನಾರು ಬಂತು. ಅದನ್ನು ಬಿಸಿಲಿಗೆ ಒಣಗಿಸಿ, ಬಡಿದು ಧೂಳು ತೆಗೆದು, ಮೂರು ಇಂಚು ದಪ್ಪಕ್ಕೆ ತುಂಬಿ ಗೋಣಿಯಿಂದ ಬಿಗಿದೆ. ಮೇಲಿನ ಬಟ್ಟೆಯ ಕವರನ್ನು ಅಕ್ಕ ತನ್ನ ಹೊಲಿಗೆ ಮೆಷಿನ್ನಿನಲ್ಲಿ ಹೊಲಿದುಕೊಟ್ಟಳು. ಇವುಗಳನ್ನು ನಾವು ಹಲಗೆ ಎನ್ನುತ್ತಿದ್ದೆವು. ಅಕ್ಕ ಮಾತ್ರ ಹಾಸಿಗೆ ಎನ್ನುತ್ತಿದ್ದಳು.

"ಗೋಡೆಗೆ ಹಾಸಿಗೆ ಹೊಲಿಯುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು," ಎಂದಳು. "ಒಂಬತ್ತು ವರ್ಷ ಕಾಗದದಲ್ಲಿ ಮಾತಾಡಿದರು. ಈಗ ಬಂದು ಪೆಟ್ಟಿಗೆ ಎದುರು ಕೂತುಕೊಳ್ತಾರೆ. ನನ್ನ ಸರದಿ ಯಾವಾಗ ಅಂತ ಕೇಳು ರಾಘು ನಿನ್ನ ಭಾವನ ಹತ್ರ."

"ಕ್ಯಾಸೆಟ್ ತಿರುಗಿಸುವಾಗ," ಎಂದರು ಭಾವ. ಅಕ್ಕ ನಗುತ್ತಲೇ ಕತ್ತರಿ ಎತ್ತಿ ತೋರಿಸಿದಳು.

ಹತ್ತು ಹಲಗೆಗಳನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ತೂಗುಹಾಕಿದೆವು. ಚಪ್ಪಾಳೆ ತಟ್ಟಿದರೆ ಈಗ ಚಪ್ಪಾಳೆ ಮಾತ್ರ ಕೇಳಿತು. ಭಾವ ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದರು. ಆಮೇಲೆ, "ಎಲ್ಲ ಸರಿ. ಆ ಬಾವಿಯ ರಾಟೆ ಒಂದು ನಡುನಡುವೆ ಕಿರ್ ಅಂತದೆ," ಎಂದರು.

ಕೋಣೆಯ ಒಂದೇ ಕಿಟಕಿ ಹಿತ್ತಲಿನ ಬಾವಿಕಟ್ಟೆಗೆ ತೆರೆಯುತ್ತಿತ್ತು. ಇಲ್ಲಿ ಒಂದು ವಿಷಯ ಹೇಳಬೇಕು. ಗೋಡೆಗೆ ತೂಗುಹಾಕುವ ಹಲಗೆ ಒಳಗಿನ ಸದ್ದನ್ನು ಹೀರುತ್ತದೆ ಅಷ್ಟೆ, ಹೊರಗಿನದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ಸಂದು ಬಿಡದೆ ಮುಚ್ಚಬೇಕು. ನಾನು ಹನ್ನೊಂದನೆಯದನ್ನು ಹಾಗೆ ಮಾಡಿದೆ. ಹಿಂದೆ ಪ್ಲೈವುಡ್, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಕಿಟಕಿಯ ದಾರಂದದ ಚೌಕಟ್ಟಿನೊಳಗೆ ಅದು ಬಿರಡೆಯ ಹಾಗೆ ಕೂತಿತು. ಬಾಗಿಲಿನ ಅಂಚಿಗೂ ಟ್ಯೂಬು ಬಡಿದೆ. ಭಾವ ಕೇಳಿದ್ದು ರಾಟೆಗೆ ಎಣ್ಣೆ ಬಿಡಲು ಆಗುತ್ತದಾ ಎಂದು. ಕಿಟಕಿಯನ್ನೇ ಮುಚ್ಚುವ ಎಂದವನು ನಾನು.

೧೯೮೫ರ ಫೆಬ್ರವರಿಯ ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಅಕ್ಕ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು. ತಲೆಯ ಹಿಂಭಾಗ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಿತ್ತು. ಭಾವ ಕೋಣೆಯಲ್ಲಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷ. ಅದು ಮುಗಿದ ಮೇಲೆ ಕಾಫಿ ಕೇಳಲು ಹೊರಗೆ ಬಂದವರು ಅವಳನ್ನು ನೋಡಿದರು. ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ತಂದರು. ಫೋನ್ ಬಂದು ನಾನು ಕಾಲೇಜಿನಿಂದ ಓಡಿ ಹೋಗುವಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಮಧ್ಯಾಹ್ನದ ಮೊದಲು ಹೋದಳು. "ಇನ್ನೂ ಸ್ವಲ್ಪ ಬೇಗ ತಂದಿದ್ದರೆ ನೋಡಬಹುದಿತ್ತು. ಖಂಡಿತ ಅಂತ ಹೇಳುವುದಿಲ್ಲ," ಎಂದರು ಡಾಕ್ಟರು. ಕೊನೆಯ ಮಾತು ಅವರು ಸಮಾಧಾನಕ್ಕೆ ಹೇಳಿದ್ದು.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಪಕ್ಕದ ಮನೆಯ ಕಮಲಕ್ಕ ಜಗಲಿಯಲ್ಲಿ ಭಾವನ ಎದುರು ಬಂದು ಕೂತರು. ಗದ್ದೆಯ ಆಚೆ ಅವರ ಮನೆ. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಹಿಂಡುತ್ತಿದ್ದರು.

"ಆವತ್ತು ಸುಮತಿ ಕರೆದದ್ದು ನನಗೆ ಕೇಳಿತ್ತು. ಎರಡು ಸಲ. ಓಯ್, ಓಯ್ ಅಂತ. ನಿಮ್ಮನ್ನು ಕಾಫಿಗೆ ಕರೆಯುವುದು ಅಂತ ನಾನು ಎಣಿಸಿದೆ ಮಾರಾಯ್ರೆ. ದಿನಾ ಕರೆಯುವುದು ಹಾಗೆಯೇ ಅಲ್ವಾ?"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಅಕ್ಕ ಭಾವನನ್ನು ಊಟಕ್ಕೆ, ಪೋಸ್ಟಿಗೆ, ಯಾರೋ ಬಂದಿದ್ದಾರೆ ಎನ್ನಲಿಕ್ಕೆ, ಎಲ್ಲದಕ್ಕೂ ಓಯ್ ಎಂದೇ ಕರೆಯುತ್ತಿದ್ದಳು. ಅದರಲ್ಲಿ ಹೆಸರಿದ್ದರೆ, ಅಯ್ಯೋ ಎಂಬುದಾದರೂ ಇದ್ದರೆ, ಕಮಲಕ್ಕ ಓಡಿ ಬರುತ್ತಿದ್ದರು. ಅವರಿಗೆ ಅಷ್ಟು ದೂರಕ್ಕೆ ಕೇಳಿದೆ. ಭಾವ ಇದ್ದದ್ದು ಬಾವಿಯಿಂದ ಹದಿನೈದು ಅಡಿ ಈಚೆ, ಹಲಗೆ ಮುಚ್ಚಿದ ಕಿಟಕಿಯ ಒಳಗೆ.

ಭಾವ ಕಮಲಕ್ಕನಿಗೆ, "ಹೌದು, ಹಾಗೆಯೇ ಕರೆಯುವುದು," ಎಂದಷ್ಟೇ ಹೇಳಿದರು. ನನ್ನ ಕಡೆ ನೋಡಲಿಲ್ಲ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಬಾ ಎಂದು ಕಾರ್ಡು ಬರೆದರು. ಹೋದೆ. ಕೋಣೆಯ ಬಾಗಿಲು ತೆರೆದಿತ್ತು. ಸೆಟ್ಟಿನ ಮೇಲೆ ಆವತ್ತಿನ ಕ್ಯಾಸೆಟ್ ಇತ್ತು.

"ಪರೀಕ್ಷೆ ಮಾಡುವುದು ನಿನ್ನ ಕೆಲಸ ಅಲ್ವಾ? ಇದನ್ನೂ ಮಾಡು," ಎಂದರು. "ನಾನು ಒಳಗೆ ಕೂತುಕೊಳ್ತೇನೆ. ಅದೇ ಕ್ಯಾಸೆಟ್, ಅದೇ ವಾಲ್ಯೂಮ್. ಕಿಟಕಿ ಬಾಗಿಲು ಆವತ್ತಿನ ಹಾಗೆ. ಐದು ನಿಮಿಷ ಬಿಟ್ಟು ನೀನು ಕಲ್ಲಿನ ಹತ್ರ ನಿಂತು ಮೂರು ಸಲ ಕರೆ. ಅವಳು ಕರೆಯುವ ಹಾಗೆ."

"ಬೇಡ ಭಾವ. ಎಂತಕ್ಕೆ ಅದು?"

"ಕೇಳದಿದ್ದರೆ ಹಲಗೆಯ ತಪ್ಪು. ಕೇಳಿದರೆ ನನ್ನ ತಪ್ಪು. ಎರಡರಲ್ಲಿ ಒಂದು ಗೊತ್ತಾಗಲಿ ರಾಘು. ನನಗೆ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ."

ಹಲಗೆಯ ತಪ್ಪು ಎಂದರೆ ನನ್ನ ತಪ್ಪು. ನಾನೇ ಕಿಟಕಿಗೆ ಹಲಗೆ ಕೂರಿಸಿದೆ. ಅವರು ಬಾಗಿಲು ಹಾಕಿಕೊಂಡರು.

ಹಿತ್ತಲಿಗೆ ಬಂದು ಕಲ್ಲಿನ ಹತ್ತಿರ ನಿಂತೆ. ಕಾಲೇಜಿನಲ್ಲಿ ಮೈಕ್ ಪರೀಕ್ಷಿಸುವಾಗ ನೂರಾರು ಸಲ ಹಲೋ ಎಂದವನು ನಾನು. ಸೆಕೆಂಡುಗಳ ವಾಚು ಕೈಯಲ್ಲಿತ್ತು. ಐದು ನಿಮಿಷ ಆಯಿತು. ಬಾಯಿ ತೆರೆದೆ. ಬರೀ ಓಯ್ ಎನ್ನಬೇಕಿತ್ತು. ಬರಲಿಲ್ಲ. ಇನ್ನೊಮ್ಮೆ ಉಸಿರು ತೆಗೆದುಕೊಂಡೆ. ನಾನು ಕರೆದರೆ ಒಳಗಿನವರಿಗೆ ಕೇಳಬಾರದು ಎಂದು ಒಂದು ಗಳಿಗೆ ಅನಿಸಿತು, ಕೇಳಲಿ ಎಂದು ಇನ್ನೊಂದು ಗಳಿಗೆ. ಯಾವುದನ್ನು ಬಯಸಿದರೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು. ಎಂಟು ನಿಮಿಷ, ಒಂಬತ್ತು ನಿಮಿಷ. ನಾನು ಒಂದು ಸಲವೂ ಕರೆಯಲಿಲ್ಲ.

ಆಗ ಹಿಂಬಾಗಿಲು ತೆರೆಯಿತು. ಭಾವ ಮೆಟ್ಟಿಲ ಮೇಲೆ ನಿಂತಿದ್ದರು.

"ಕೇಳಿತು," ಎಂದರು. "ಮೂರು ಸಲವೂ ಕೇಳಿತು. ಸ್ಪಷ್ಟ ಕೇಳ್ತದೆ. ನಿನ್ನ ಹಲಗೆಯದ್ದು ಎಂತದ್ದೂ ಇಲ್ಲ ಮಾರಾಯ. ಆವತ್ತು ಗಮನ ಕೊಡದೇ ಇದ್ದದ್ದು ನಾನು."

ನಾನು ಕರೆಯಲೇ ಇಲ್ಲ ಎಂದು ಆಗ ಹೇಳಬೇಕಿತ್ತು. "ಆಯ್ತು ಭಾವ," ಎಂದೆ.

ಇಬ್ಬರೂ ಒಳಗೆ ಹೋಗಿ ಚಹಾ ಮಾಡಿ ಕುಡಿದೆವು. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಆ ಸೆಟ್ಟನ್ನೂ ಹಾಕಲಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳಿದರೋ, ಆ ಕೋಣೆಯಲ್ಲಿ ಕೂತ ಅವರಿಗೆ ನಿಜವಾಗಿಯೂ ಕೇಳಿತೋ ನನಗೆ ಗೊತ್ತಿಲ್ಲ. ಕೇಳಲು ಹಲವು ವರ್ಷ ಸಮಯವಿತ್ತು. ಕಳೆದ ವರ್ಷ ಭಾವನೂ ಹೋದರು. ತಪ್ಪು ತನ್ನದೇ ಎಂದು ಒಪ್ಪಿಕೊಂಡೇ ಹೋದರು. ನಾನು ಅದನ್ನು ತಡೆಯಲಿಲ್ಲ.

ಆಮೇಲೆ ಉಡುಪಿ, ಕಡಿಯಾಳಿ ಕಡೆಯ ಕೆಲವು ಮನೆಗಳಿಗೆ ಇಂಥ ಹಲಗೆ ಮಾಡಿಕೊಟ್ಟಿದ್ದೇನೆ. ಕೋಣೆ ಅಳೆಯುವ ಮೊದಲು ನಾನು ಮನೆಯವರನ್ನು ಕೇಳುವುದು ಒಂದೇ: ಈ ಮನೆಯಲ್ಲಿ ಯಾರು, ಎಲ್ಲಿಂದ, ಏನೆಂದು ಕರೆಯುತ್ತಾರೆ? ಹೆಚ್ಚಿನವರು ನಗುತ್ತಾರೆ. ಹಲಗೆಯಾದ ಮೇಲೆ ಅದನ್ನು ಕಿಟಕಿಗಿಟ್ಟು, ಒಬ್ಬರನ್ನು ಹೊರಗೆ ನಿಲ್ಲಿಸಿ ಕರೆಯಲು ಹೇಳಿ, ನಾನೇ ಒಳಗೆ ಕೂತು ಕೇಳುತ್ತೇನೆ. ಕೇಳದಿದ್ದರೆ ಆ ಬದಿಯ ಕಿಟಕಿಯನ್ನು ಮುಚ್ಚುವುದಿಲ್ಲ. ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡಿ ಎನ್ನುತ್ತೇನೆ. ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು. ಅದನ್ನು ಕಲಿಯುವ ಮೊದಲೇ ಅಕ್ಕನ ಮನೆಯ ಕೆಲಸ ಮಾಡಿ ಮುಗಿಸಿದ್ದೆ.