ಡ್ರೈವರ್ ಇದಿನಬ್ಬ ಮಲಗಿದ ಕಥೆ

ಬಸ್ಸಿನ ಚಕ್ರದಡಿಯಿಂದ ಕೂದಲೆಳೆಯಲ್ಲಿ ಪಾರಾದವನು ಅದೇ ಬಸ್ಸಿನ ಡ್ರೈವರನನ್ನು ಹೊಗಳಿ ಬರೆಯುವುದು ಲೋಕರೂಢಿಯಲ್ಲ. ನಾನು ಬರೆಯುತ್ತಿದ್ದೇನೆ. ನನಗೆ ಕೋಪ ಬರಲಿಲ್ಲ ಎಂದಲ್ಲ. ನನ್ನ ಕೋಪ ಎಂಥದು ಎಂದು ಸಿದ್ಧಕಟ್ಟೆ ಶಾಲೆಯಲ್ಲಿ ಕಲಿತವರನ್ನು ಕೇಳಿದರೆ ಹೇಳುತ್ತಾರೆ. ಆದರೆ ಇದಿನಬ್ಬನ ಮೇಲೆ ಅದು ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ.

ನಯಾಪೈಸೆ ಬಂದ ಹೊಸತು. ಜನ ಇನ್ನೂ ಆಣೆಯ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಮೂಡುಬಿದಿರೆಯಿಂದ ಸಿದ್ಧಕಟ್ಟೆ, ಬಂಟ್ವಾಳದ ಮೇಲಾಗಿ ಬೆಳ್ತಂಗಡಿಗೆ ಓಡಾಡುವ ಸರ್ವಿಸ್ ಬಸ್ಸೊಂದಿತ್ತು. ರಾತ್ರಿ ಬಂಟ್ವಾಳದಲ್ಲಿ ನಿಲ್ಲುತ್ತಿತ್ತು. ಅದರ ಧನಿಗಳು ಮೂಡುಬಿದಿರೆಯ ಸುಧಾಕರ ಬಲ್ಲಾಳರು. ಕಂಡಕ್ಟರು ಹುಕ್ರಪ್ಪ. ಡ್ರೈವರು ಹೊಳೆಯಾಚೆಯ ನರಿಕೊಂಬಿನ ಇದಿನಬ್ಬ. ಗಟ್ಟಿ ಆಳು, ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಸ್ಟೇರಿಂಗಿನ ಮುಂದೆ ಕುಳಿತನೆಂದರೆ ಗರ್ಭಿಣಿ ಹೆಂಗಸರೂ ಧೈರ್ಯವಾಗಿ ಹತ್ತುತ್ತಿದ್ದರು.

ಅವನಿಗೊಂದು ಹುಚ್ಚು, ಯಕ್ಷಗಾನ. ಆಟದ ಕಾಲ ಬಂತೆಂದರೆ ಧನಿಗಳು ಹಗಲಿನ ಸರ್ವಿಸ್ ಮುಗಿದ ಬಸ್ಸನ್ನೇ ರಾತ್ರಿ ಸ್ಪೆಷಲ್ ಬಿಡುತ್ತಿದ್ದರು. ಊರಿನ ಜನವನ್ನು ಬಯಲಿಗೆ ಮುಟ್ಟಿಸಿ, ಬೆಳಿಗ್ಗೆ ಆಟ ಮುಗಿದ ಮೇಲೆ ತಿರುಗಿ ತರಬೇಕು. ನಡುವಿನ ಹೊತ್ತಿನಲ್ಲಿ ಬುದ್ಧಿ ಇರುವ ಡ್ರೈವರು ಹಿಂದಿನ ಸೀಟಿನಲ್ಲಿ ಕಾಲು ಚಾಚುತ್ತಾನೆ. ಇದಿನಬ್ಬ ಮಾತ್ರ ರಂಗಸ್ಥಳದ ಎದುರಿಗೆ ಚಾಪೆ ಹಾಸಿ ಕುಳಿತು, ಕೊನೆಯ ರಕ್ಕಸ ಬಿದ್ದು ಮಂಗಳ ಹಾಡುವವರೆಗೂ ಕದಲುತ್ತಿರಲಿಲ್ಲ. ಆಮೇಲೆ ಜನರನ್ನು ಮನೆಗೆ ಬಿಟ್ಟು, ಹೊಳೆಯಲ್ಲಿ ಮುಖ ತೊಳೆದು, ಹಗಲಿನ ಮೊದಲ ಟ್ರಿಪ್ಪಿಗೆ ಹೊರಡುತ್ತಿದ್ದ. ಮದುವೆಯ ದಿನಗಳಲ್ಲಿ ಇದರ ಮೇಲೆ ದಿಬ್ಬಣದ ಬಾಡಿಗೆ ಬೇರೆ.

"ನನ್ನ ಬಸ್ಸಿಗಾದರೂ ಡೀಸೆಲ್ ಬೇಕು, ಇದಿನಬ್ಬನಿಗೆ ಅದೂ ಬೇಡ" ಎಂದು ಧನಿಗಳು ಸಿಕ್ಕಿದವರಲ್ಲೆಲ್ಲ ಹೇಳಿದರು. ಇದಿನಬ್ಬನಿಗೆ ನಿದ್ದೆಯೇ ಇಲ್ಲವಂತೆ ಎಂದು ಪೇಟೆಯೆಲ್ಲ ಮಾತಾಯಿತು. ಹೊಗಳಿ ಅಟ್ಟಕ್ಕೇರಿಸುವುದೆಂದರೆ ಇದೇ. ಏರಿದವನಿಗೆ ಇಳಿಯಲು ನಾಚಿಕೆ. ಒಂದು ದಿನ ಆಕಳಿಸಿದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂದು ಅವನು ಬಾಯಿಗೆ ವಸ್ತ್ರ ಅಡ್ಡ ಹಿಡಿಯುತ್ತಿದ್ದ.

ನಿದ್ದೆ ತನ್ನ ಸೇಡನ್ನು ಸಣ್ಣದರಿಂದ ಶುರುಮಾಡಿತು. ಮೊದಲು ನಾಲಗೆ ಕೆಟ್ಟಿತು. ಹೆಂಡತಿ ಸೈನಬಳ ಮೇಲೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ರೇಗಿದ, ಮರುದಿನ ಕಡಿಮೆಯಾಯಿತೆಂದು ರೇಗಿದ. ಆಮೇಲೆ ಮರೆವು. ಒಂದು ಸಲ ಹುಕ್ರಪ್ಪನನ್ನು ಚಹಾದ ಅಂಗಡಿಯಲ್ಲೇ ಬಿಟ್ಟು ಬಸ್ಸು ಹೊರಡಿಸಿದ. ಕಂಡಕ್ಟರು ಇಲ್ಲವೆಂದು ಜನ ಹೇಳಿದರೆ, "ಇದ್ದ ಅಲ್ವಾ ಈಗ" ಎಂದು ಹಿಂದೆ ತಿರುಗಿ ನೋಡಿದ. ಕಣ್ಣಿಗೆ ಕೇಪಳ ಹೂವಿನ ಕೆಂಪು ಬಣ್ಣ ಬಂತು. ಬಸ್ಸು ನಿಂತಲ್ಲೆಲ್ಲ ಚಹಾ ಕುಡಿದ. ಕೈ ನಡುಗುವುದನ್ನು ಮುಚ್ಚಲು ಗೇರನ್ನು ಬಿಗಿಯಾಗಿ ಹಿಡಿಯುತ್ತಿದ್ದ. ನಾವೆಲ್ಲ ಕಂಡೆವು, ಕಂಡೂ ಹೊಗಳಿದೆವು.

ಒಂದು ಬೆಳಿಗ್ಗೆ, ಚೆನ್ನಾಗಿ ಬಿಸಿಲು ಬಂದ ಮೇಲೆ, ಸಿದ್ಧಕಟ್ಟೆ ದಾಟಿದ ತಿರುವಿನಲ್ಲಿ ಅವನು ಬ್ರೇಕ್ ಒತ್ತಿದ. ಜನ ಒಬ್ಬರ ಮೇಲೊಬ್ಬರು ಬಿದ್ದರು. ಬಂಟ್ವಾಳದಲ್ಲಿ ತರಕಾರಿ ಮಾರುವ ಅಮ್ಮಣ್ಣಿಯ ಬುಟ್ಟಿಯಿಂದ ಸೌತೆಕಾಯಿಗಳು ಬಸ್ಸಿನ ತುಂಬ ಉರುಳಿದವು.

"ಒಬ್ಬ ಮುದುಕ ಅಡ್ಡ ನಿಂತಿದ್ದ. ಬಿಳಿ ಬಟ್ಟೆ, ಕೈಯಲ್ಲಿ ಕೊಡೆ" ಎಂದ ಇದಿನಬ್ಬ.

ಇಳಿದು ನೋಡಿದರೆ ರಸ್ತೆಯಲ್ಲಿ ಯಾರೂ ಇಲ್ಲ. ಪಕ್ಕದ ಪೊದೆಯೊಳಗೆ ಒಂದು ಹಳೆಯ ಕಲ್ಲು ಮಾತ್ರ ಇತ್ತು. ಅಷ್ಟು ಸಾಕಾಯಿತು. ಅದು ಊರವರು ಬಹಳ ಹಿಂದೆ ನಂಬಿಕೊಂಡಿದ್ದ ದೈವದ ಕಲ್ಲೆಂದೂ, ದೀಪ ಇಡುವವರಿಲ್ಲದೆ ದೈವ ರಸ್ತೆಗೆ ಬಂದು ನಿಂತಿತೆಂದೂ ಅಮ್ಮಣ್ಣಿ ತೀರ್ಮಾನ ಕೊಟ್ಟಳು.

"ಇನ್ನು ಮೇಲೆ ಬ್ರೇಕ್ ಹಾಕಬೇಡ ಮಾರಾಯ. ತಡೆದು ನಿಂತರೆ ಅದಕ್ಕೆ ಕೋಪ ಬರ್ತದೆ. ಹಾರ್ನ್ ಹಾಕಿ, ಕೈಯೆತ್ತಿ, ಸೀದಾ ಹೋಗು. ದಾರಿ ಬಿಡ್ತದೆ" ಎಂದಳು.

ಬ್ಯಾರಿ ಮುಸಲ್ಮಾನನ ಕಣ್ಣಿಗೆ ನಮ್ಮ ದೈವ ಕಂಡಿತೆಂಬುದು ದೊಡ್ಡ ಸುದ್ದಿಯಾಯಿತು. ಪೊದೆ ಕಡಿದರು, ಕಲ್ಲು ತೊಳೆದರು, ತೆಂಗಿನಕಾಯಿ ಒಡೆದರು. ದೈವ ತಡೆದ ಬಸ್ಸು ಎಂದು ಜನ ಹುಡುಕಿಕೊಂಡು ಬಂದು ಹತ್ತಿದರು. ಧನಿಗಳಿಗೆ ಸಂತೋಷವೇ ಸಂತೋಷ; ಸ್ಪೆಷಲ್ ಇನ್ನೂ ಹೆಚ್ಚಿದವು. ಇದಿನಬ್ಬನಿಗೆ ಆಮೇಲೂ ಎರಡು ಮೂರು ಸಲ ಆ ಮುದುಕ ಕಂಡನಂತೆ. ಅವನು ಮನಸ್ಸಿನೊಳಗೆ ಬಿಸ್ಮಿ ಹೇಳಿ, ಅಮ್ಮಣ್ಣಿಯ ಮಾತಿನಂತೆ ಹಾರ್ನ್ ಹಾಕಿ, ಒಂದು ಕೈಯೆತ್ತಿ, ಸೀದಾ ಹೋದ. ಮುದುಕ ದಾರಿ ಬಿಟ್ಟ. ಬಿಡದೆ ಏನು, ಇದ್ದರಲ್ಲವೇ ಅಡ್ಡ ಬರುವುದು.

ಹೀಗಿರುವಾಗ ನನಗೆ ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಕೆಲಸ ಬಿತ್ತು. ನನ್ನ ಮನೆ ಆ ತಿರುವಿನ ಹತ್ತಿರವೇ. ಬಿಳಿ ಪಂಚೆ, ಬಿಳಿ ಅಂಗಿ, ಬಿಸಿಲಿಗೆ ಕೊಡೆ. ರಸ್ತೆಗೆ ಇಳಿದು ನಿಂತು ಬಸ್ಸಿಗೆ ಕೈ ತೋರಿಸಿದೆ. ಇದಿನಬ್ಬ ಹಾರ್ನ್ ಹಾಕಿದ. ನನ್ನನ್ನು ನೋಡಿ ಗೌರವದಿಂದ ಕೈಯೆತ್ತಿದ. ಮಾಸ್ತರರೆಂಬ ಮರ್ಯಾದೆ ಎಂದುಕೊಂಡು ನಾನೂ ಕೈಯೆತ್ತಿದೆ. ಬಸ್ಸು ಸೀದಾ ಮೇಲೆ ಬಂತು.

ನಾನು ಚರಂಡಿಗೆ ಹಾರಿದೆ. ಕೊಡೆ ಚಕ್ರದಡಿಗೆ ಹೋಯಿತು. ಹುಕ್ರಪ್ಪನ ಕೂಗಿಗೆ ಬಸ್ಸು ಮುಂದೆಲ್ಲೋ ನಿಂತಿತು. ಇದಿನಬ್ಬ ಓಡಿ ಬಂದು ಚರಂಡಿಗಿಳಿದು ನನ್ನ ತೋಳು ಹಿಡಿದ, ಹೆಗಲು ಮುಟ್ಟಿದ, ಗಲ್ಲವನ್ನೂ ಮುಟ್ಟಿ ನೋಡಿದ.

"ಮಾಸ್ಟ್ರೇ, ನೀವಾ? ನಿಜವಾಗಿ ನೀವೇನಾ?"

ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಅವನು ತಲೆತಗ್ಗಿಸಿ ಕೇಳಿದ. ಆಮೇಲೆ ಬಸ್ಸಿನಿಂದ ಇಳಿದು ಬಂದ ಅಮ್ಮಣ್ಣಿಯ ಕಡೆ ತಿರುಗಿ ಎಲ್ಲರೂ ಕೇಳುವ ಹಾಗೆ ಹೇಳಿದ: "ಅಮ್ಮಣ್ಣಿಯಕ್ಕ, ನನಗೆ ಕಾಣುವುದು ದೈವ ಅಲ್ಲ. ನಾನು ಮಲಗದೆ ಎಷ್ಟು ಕಾಲ ಆಯ್ತೋ ನನಗೇ ಗೊತ್ತಿಲ್ಲ. ಇವತ್ತು ಮಾಸ್ಟ್ರನ್ನು ಕೊಲ್ಲುತ್ತಿದ್ದೆ. ಇನ್ನು ನಾನು ಈ ಬಸ್ಸನ್ನು ಮುಟ್ಟುವುದಿಲ್ಲ."

ಕೀಲಿಕೈಯನ್ನು ಹುಕ್ರಪ್ಪನ ಕೈಯಲ್ಲಿಟ್ಟ. ಜನ ಬೈದುಕೊಂಡು ನಡೆದು ಹೋದರು. ಅಮ್ಮಣ್ಣಿ ಮಾತ್ರ ಸೋಲಲಿಲ್ಲ. "ಮಲಗು ಅಂತ ಹೇಳಲಿಕ್ಕೇ ದೈವ ಬಂದದ್ದು, ಇವನಿಗೆ ಅರ್ಥ ಆಗಲಿಲ್ಲ" ಎಂದು ಬುಟ್ಟಿ ಹೊತ್ತು ಹೊರಟಳು.

ಅವತ್ತೇ ಇದಿನಬ್ಬ ಮೂಡುಬಿದಿರೆಗೆ ಹೋಗಿ ಧನಿಗಳ ಜಗಲಿಯ ಕೆಳಗೆ ನಿಂತು, ರಾತ್ರಿ ಓಡಿಸಿದವನಿಗೆ ಹಗಲು ರಜೆ ಬೇಕು, ಇನ್ನೊಬ್ಬ ಡ್ರೈವರನ್ನು ಇಡಿ ಎಂದು ಕೇಳಿದ. ಧನಿಗಳು ಕೆಟ್ಟವರಲ್ಲ, ಆದರೆ ಅವರಿಗೆ ತಾವು ಹೊಗಳಿದ ಮನುಷ್ಯ ಸುಳ್ಳಾಗುವುದನ್ನು ಸಹಿಸಲಾಗಲಿಲ್ಲ.

"ಬಸ್ಸನ್ನು ದಾರಿಯಲ್ಲಿ ಬಿಟ್ಟು ಬಂದವನಿಗೆ ನನ್ನಲ್ಲಿ ಕೆಲಸ ಇಲ್ಲ. ಹೋಗಿ ಮಲಗು" ಎಂದರು.

ನರಿಕೊಂಬಿಗೆ ನಾನು ಹೋದದ್ದು ಕೊಡೆಯ ದುಡ್ಡು ಕೇಳಲಿಕ್ಕೆ. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಎನ್ನುತ್ತಾರೆ. ಅಲ್ಲಿ ಹಾಸಿಗೆ ಇತ್ತು, ನಿದ್ದೆ ಇರಲಿಲ್ಲ. ಮೊದಲ ದಿನ ಹೆಣದಂತೆ ಬಿದ್ದವನು ಮರುದಿನ ಮಧ್ಯಾಹ್ನ ಎದ್ದನಂತೆ. ಎಲ್ಲ ಸರಿಹೋಯಿತೆಂದು ನಕ್ಕನಂತೆ. ಆಮೇಲಿನ ರಾತ್ರಿಗಳಲ್ಲಿ ಕಣ್ಣು ಮುಚ್ಚಿದರೆ ರಸ್ತೆಯೇ ಓಡುತ್ತಿತ್ತು, ಮಲಗಿದಲ್ಲೇ ಕಾಲು ಬ್ರೇಕ್ ಒತ್ತುತ್ತಿತ್ತು. ಹಗಲೆಲ್ಲ ತೂಕಡಿಕೆ. ನನ್ನನ್ನು ನೋಡಿದ್ದೇ ಅವನು ಅತ್ತುಬಿಟ್ಟ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅಳುವುದನ್ನು ನೋಡಿ ನಾನು ಅವನ ಪಕ್ಕದಲ್ಲಿ ಕುಳಿತೆ. ಕೊಡೆಯ ಮಾತು ಎತ್ತಲಿಲ್ಲ.

"ನನಗೆ ಇನ್ನು ನಿದ್ದೆ ಬರುವುದಿಲ್ಲ ಮಾಸ್ಟ್ರೇ. ಸ್ಟೇರಿಂಗ್ ಸಹ ಸಿಕ್ಕುವುದಿಲ್ಲ."

ಒಳಗಿನಿಂದ ಸೈನಬ ಹೇಳಿದಳು, "ಬರ್ತದೆ. ಅದನ್ನು ಓಡಿಸಿದ್ದು ಇವರು, ಕರೆದುಕೊಂಡು ಬರುವುದು ನಾನು."

ಅವನನ್ನು ನೋಡಿದ ಬಂಟ್ವಾಳದ ಡಾಕ್ಟರರು ಮಾತ್ರೆ ಕೊಟ್ಟಿರಲಿಲ್ಲ. ಮಲಗುವ ಹೊತ್ತು ಹೆಚ್ಚುಕಮ್ಮಿಯಾದರೂ ಏಳುವ ಹೊತ್ತು ತಪ್ಪಬಾರದು ಎಂದಿದ್ದರು. ಸೈನಬ ಅದನ್ನು ಕಾನೂನು ಮಾಡಿದಳು. ಮನೆಯಲ್ಲಿ ಗಡಿಯಾರ ಇಲ್ಲದಿದ್ದರೇನು, ಮಸೀದಿಯ ಬಾಂಗ್ ಇತ್ತು. ರಾತ್ರಿ ನಿದ್ದೆ ಬಂದಿರಲಿ ಬಿಡಲಿ, ಬೆಳಗಿನ ಜಾವದ ಸುಬಹಿಯ ಬಾಂಗಿಗೆ ಏಳಲೇಬೇಕು. ಮಧ್ಯಾಹ್ನದ ನಮಾಜಿನ ನಂತರ ಚಹಾ ಇಲ್ಲ. ಹಗಲು ಮಲಗುವುದಿದ್ದರೆ ಅನ್ನ ಬೇಯುವಷ್ಟು ಹೊತ್ತು, ಅಷ್ಟೆ. ಬಿಸಿಲಿನಲ್ಲಿ ತೆಂಗಿನ ಬುಡ ಬಿಡಿಸಬೇಕು, ಸಂಜೆ ಹೊಳೆಯ ಬದಿ ನಡೆಯಬೇಕು, ರಾತ್ರಿ ಇಶಾದ ನಮಾಜು ಮುಗಿಸಿ ಗಂಜಿ ಉಂಡು ಅಂಗಾಲಿಗೆ ಎಣ್ಣೆ ಹಚ್ಚಿ ಮಲಗಬೇಕು. ನಿದ್ದೆ ಬಾರದೆ ಹೊರಳಾಡಿದರೆ ಎಬ್ಬಿಸಿ ಜಗಲಿಯಲ್ಲಿ ಕೂರಿಸುತ್ತಿದ್ದಳು. ಕಣ್ಣು ಎಳೆದ ಮೇಲೆಯೇ ಚಾಪೆಗೆ ಅಪ್ಪಣೆ. ಆಟದ ಚೆಂಡೆ ಎಲ್ಲಿ ಕೇಳಿಸಿದರೂ ಕಿಟಿಕಿ ಮುಚ್ಚುತ್ತಿದ್ದಳು.

ನಿದ್ದೆ ಮುನಿಸಿಕೊಂಡ ನೆಂಟನಲ್ಲವೇ, ಕರೆದ ಕೂಡಲೇ ಬರಲಿಲ್ಲ. ಮೊದಲು ಬಾಗಿಲಲ್ಲಿ ಮುಖ ತೋರಿಸಿ ಹೋಯಿತು. ಆಮೇಲೆ ಅರ್ಧ ರಾತ್ರಿ ಇದ್ದು ಹೋಯಿತು. ತಿಂಗಳು ಕಳೆದು ನಾನು ಮತ್ತೆ ಹೋದಾಗ ಅವನ ಕಣ್ಣಿನ ಬಿಳಿ ಬಿಳಿಯಾಗಿತ್ತು. ತುಂಬಿದ ಚಹಾದ ಗ್ಲಾಸನ್ನು ಒಂದು ಹನಿ ಚೆಲ್ಲದೆ ನನ್ನ ಕೈಗೆ ಕೊಟ್ಟ. ಸೈನಬ ಬಾಗಿಲ ಮರೆಯಲ್ಲಿ ನಿಂತು ಗಂಡನ ಕೈಯನ್ನೇ ನೋಡುತ್ತಿದ್ದಳು. ಸಾರಿನ ಉಪ್ಪು ಈಗ ಸರಿಯಾಗಿದೆ ಎಂದು ಅವನು ತಾನಾಗಿಯೇ ಹೇಳಿದ. ಆದರೆ ಕೆಲಸ ಇರಲಿಲ್ಲ, ಮಳೆಗಾಲ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಧನಿಗಳ ಮಗನ ಮದುವೆ ಬಂತು. ಹುಡುಗ ನನ್ನ ಶಿಷ್ಯ, ಹಾಗಾಗಿ ದಿಬ್ಬಣದಲ್ಲಿ ನಾನೂ ಇದ್ದೆ. ಹುಡುಗಿಯ ಮನೆ ಬಂಟ್ವಾಳ ದಾಟಿ ವಗ್ಗದಲ್ಲಿ, ಮುಹೂರ್ತ ಬೆಳಿಗ್ಗೆ. ಬಸ್ಸು ಓಡಿಸುತ್ತಿದ್ದವನು ಇದಿನಬ್ಬನ ಜಾಗಕ್ಕೆ ಬಂದ ಹೊಸ ಡ್ರೈವರು. ಪಾಪದವನು, ಹಿಂದಿನ ಎರಡು ರಾತ್ರಿ ಆಟದ ಸ್ಪೆಷಲ್ ಓಡಿಸಿ ಬಂದಿದ್ದ. ಬಂಟ್ವಾಳ ಇನ್ನೇನು ಸಿಕ್ಕಿತು ಎನ್ನುವಾಗ ಅವನ ತಲೆ ಸ್ಟೇರಿಂಗಿನ ಮೇಲೆ ಬಿತ್ತು. ಬಸ್ಸು ರಸ್ತೆ ಬಿಟ್ಟು ಒಣಗಿದ ಗದ್ದೆಗೆ ಇಳಿದು, ಬದುವಿನ ಹುಣಿಯೊಂದನ್ನು ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮದುಮಗನ ಪೇಟ ಮಾತ್ರ ಅವನ ಸೋದರಮಾವನ ತೊಡೆಯ ಮೇಲೆ ಬಿತ್ತು.

ಧನಿಗಳು ಬಿಸಿಲು ನೋಡಿ ಹೊತ್ತು ಲೆಕ್ಕ ಹಾಕಿದರು. ಮುಹೂರ್ತ ಮೀರಿದರೆ ಎರಡು ಮನೆತನಗಳ ಮಾನ ಮಣ್ಣಾಗುತ್ತದೆ. ಆಮೇಲೆ ಸಣ್ಣ ದನಿಯಲ್ಲಿ, "ಹುಕ್ರಪ್ಪ, ಅವನನ್ನು ಕರಿ" ಎಂದರು.

ಹುಕ್ರಪ್ಪ ಯಾರದೋ ಸೈಕಲ್ ಹತ್ತಿ ಹೊಳೆಯ ಬದಿಗೆ ಹೋಗಿ ದೋಣಿ ದಾಟಿದ. ಇತ್ತ ಜರಿಶಾಲಿನವರೆಲ್ಲ ಪಂಚೆ ಮೇಲೆ ಕಟ್ಟಿ ಬಸ್ಸನ್ನು ತಳ್ಳಿ ರಸ್ತೆಗೆ ಹತ್ತಿಸಿದರು. ಹೊಸ ಡ್ರೈವರು ಮರದ ಬುಡದಲ್ಲಿ ಬಾಯಿ ತೆರೆದು ಮಲಗಿದ್ದ.

ಇದಿನಬ್ಬ ಬಂದ. ಒಗೆದ ಅಂಗಿ, ತಲೆಗೆ ಬಿಳಿ ವಸ್ತ್ರ. ಬಸ್ಸಿನ ಸುತ್ತ ಒಂದು ಸುತ್ತು ಬಂದು ಚಕ್ರ ನೋಡಿದ. ಬಾಗಿಲ ಹಿಡಿಗೆ ಕೈ ಹಾಕುವ ಮೊದಲು ಹೇಳಿದ, "ಧನಿಗಳೇ, ಒಂದು ಮಾತು ಉಂಟು."

"ಆಮೇಲೆ ಹೇಳು ಮಾರಾಯ, ಹೊತ್ತಾಯಿತು."

"ಆಮೇಲೆ ಹೇಳಿದರೆ ನೀವು ಕೇಳುವುದಿಲ್ಲ. ರಾತ್ರಿ ಓಡಿಸಿದವ ಹಗಲು ಓಡಿಸಬಾರದು. ಬಸ್ಸಿಗೆ ಇಬ್ಬರು ಡ್ರೈವರು ಬೇಕು. ಆ ಮಲಗಿದವನನ್ನು ತೆಗೆಯಬಾರದು, ಅವ ಎರಡನೆಯವ."

ದಿಬ್ಬಣವೆಲ್ಲ ಕೇಳುತ್ತಿತ್ತು. ಧನಿಗಳು ಮಗನ ಮುಖ ನೋಡಿದರು, ಗದ್ದೆಯ ಮೇಲಿನ ಚಕ್ರದ ಗುರುತು ನೋಡಿದರು. "ಆಯಿತು. ಇಷ್ಟು ಜನರ ಎದುರು ಹೇಳ್ತಾ ಇದ್ದೇನೆ, ಆಯಿತು" ಎಂದರು.

ಅಂದಿನ ಸವಾರಿಯನ್ನು ನಾನು ಮರೆಯಲಾರೆ. ಅವಸರ ಇಲ್ಲ, ಅಂಜಿಕೆ ಇಲ್ಲ, ಒಂದು ತಿರುವಿನಲ್ಲೂ ಕುಲುಕಲಿಲ್ಲ. ಎದುರಿನಿಂದ ಬರುವ ಎತ್ತಿನ ಗಾಡಿ, ಓಡಾಡುವ ಕೋಳಿ, ಕೊಡೆ ಹಿಡಿದ ಮುದುಕರು, ಇರುವುದೆಲ್ಲ ಅವನಿಗೆ ಕಂಡಿತು, ಇಲ್ಲದ್ದು ಯಾವುದೂ ಕಾಣಲಿಲ್ಲ. ಮುಹೂರ್ತಕ್ಕೆ ಮೊದಲೇ ವಗ್ಗ ಮುಟ್ಟಿದೆವು. ವಾಲಗ ಮೊಳಗಿತು, ಧಾರೆ ನಡೆಯಿತು. ನನಗೆ ನನ್ನ ಮಗನ ಮದುವೆಯಷ್ಟೇ ಸಂತೋಷವಾಯಿತು.

ಊಟ ಮುಗಿದ ಮೇಲೆ ಇದಿನಬ್ಬ ಹುಕ್ರಪ್ಪನಿಗೆ, "ಸಂಜೆ ತಿರುಗಿ ಓಡಿಸಲಿಕ್ಕುಂಟು. ಅಸರ್ ನಮಾಜಿನ ಹೊತ್ತಿಗೆ ಏಳ್ತೇನೆ" ಎಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟ. ಮದುಮಗಳನ್ನು ಹೊರಡಿಸುವ ಗಡಿಬಿಡಿಯಲ್ಲಿ ವಾಲಗದವರು ಬಸ್ಸಿನ ಪಕ್ಕಕ್ಕೇ ಬಂದು ಊದತೊಡಗಿದರು. ಧನಿಗಳು ಕೈ ಬೀಸುತ್ತ ಅಂಗಳ ದಾಟಿ ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಿಲ್ಲಿಸಿ. ಡ್ರೈವರು ಮಲಗಿದ್ದಾನೆ."

ಹುಡುಗಿಯ ತಂದೆ, ಹೊರಡುವ ಹೊತ್ತಾಯಿತಲ್ಲ, ಎಬ್ಬಿಸಬಾರದೇ ಎಂದು ಕೇಳಿದರು. ಅವನಾಗಿಯೇ ಏಳಲಿ ಎಂದರು ಧನಿಗಳು. ಮದುಮಗ, ಮದುಮಗಳು, ನೆಂಟರು, ವಾಲಗದವರು, ಎಲ್ಲರೂ ಚಪ್ಪರದಡಿಯಲ್ಲಿ ಪಿಸುಮಾತಾಡುತ್ತ ಕುಳಿತೆವು. ಅಳುವ ಮಕ್ಕಳನ್ನು ಹಿತ್ತಿಲಿಗೆ ಕರೆದೊಯ್ದರು.

ಇದಿನಬ್ಬ ಎದ್ದ. ಬಾವಿಯ ನೀರಲ್ಲಿ ಕೈಕಾಲು ತೊಳೆದು ನಮಾಜು ಮಾಡಿ ಬಂದು ನೋಡಿದರೆ, ಮದುವೆಯ ಮನೆ ಇಡೀ ಮಾತಿಲ್ಲದೆ ತನ್ನನ್ನೇ ನೋಡುತ್ತಿದೆ. ಅವನಿಗೆ ಗಾಬರಿಯಾಯಿತು.

"ಏನಾಯ್ತು ಧನಿಗಳೇ? ಯಾರಿಗಾದರೂ ಏನಾದರೂ ಆಯ್ತಾ?"

"ಏನೂ ಆಗಲಿಲ್ಲ" ಎಂದರು ಧನಿಗಳು, ಹೆಗಲಿನ ಶಾಲು ಸರಿಮಾಡಿಕೊಳ್ಳುತ್ತ. "ನಿನ್ನ ನಿದ್ದೆ ಆಯಿತಲ್ಲ, ಇನ್ನು ಹೋಗುವ."

ವಾಲಗದವರು ಮತ್ತೆ ಊದಲು ಶುರುಮಾಡಿದರು.