ಅದು ಅಣಬೆಯ ಸಾರಲ್ಲ

ಅದು ಅಣಬೆಯ ಸಾರಲ್ಲ ಎಂಬುದು ನನಗೆ ಗೊತ್ತಿತ್ತು. ಬಾಯಿಗಿಡುವ ಮೊದಲೇ ಗೊತ್ತಿತ್ತು. ಕುರಿಮರಿಯ ಬಾಡು ಎಂದು ನನ್ನ ಗೆಳೆಯನ ತಾಯಿ ದೊಡ್ಡತಾಯಮ್ಮ ಹೇಳಿಯೇ ಬಡಿಸಿದ್ದರು. ನಾನು ಕೇಳಿ ಇನ್ನೊಂದು ಸೌಟು ಹಾಕಿಸಿಕೊಂಡಿದ್ದೆ. ಕೆಲವೇ ದಿನಗಳ ನಂತರ ಆಕೆಯ ಎದುರಿಗೇ ನಿಂತು, ಆಕೆ ಅಣಬೆ ಎಂದು ನಂಬಿಸಿ ನನಗೆ ಮಾಂಸ ಉಣಿಸಿದರು ಎಂದೆ. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು — ಇದೂ ಒಂದು ನಾಚಿಕೆಯೇ.

ಮೈಸೂರು ಎಂಬುದು ರಾಜ್ಯದ ಹೆಸರೂ ಆಗಿದ್ದ ಕಾಲ ಅದು. ಹೈಸ್ಕೂಲು ಮುಗಿಸಿ ನಾನು ಒಂದು ಜವಳಿ ಕಂಪನಿಗೆ ಸೇರಿದ್ದೆ. ಒಂದೇ ಮನೆತನದವರಿಗೆ ಊರಿನಲ್ಲಿ ಮೂರು ಅಂಗಡಿಗಳು. ಮದುವೆ ಎಂದರೆ ಸುತ್ತಲ ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಯಜಮಾನರು ದೊಡ್ಡ ದೈವಭಕ್ತರು. ಬೆಳಿಗ್ಗೆ ಪೂಜೆಯಾಗಿ, ನಾವೆಲ್ಲ ಸಾಲಾಗಿ ನಿಂತು ತೀರ್ಥ ತೆಗೆದುಕೊಂಡ ಮೇಲೆಯೇ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಏಕಾದಶಿಯಂದು ವ್ಯಾಪಾರವಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ — ಅಲ್ಲಿ ದುಡಿಯುವವನು ಮಾಂಸ ತಿನ್ನಬಾರದು. ತನ್ನ ಮನೆಯಲ್ಲೂ, ಹಬ್ಬದಲ್ಲೂ. ಆಯುಧಪೂಜೆಯ ದಿನ ಬಟ್ಟೆ ಅಳೆಯುವ ಕಬ್ಬಿಣದ ಗಜಕಡ್ಡಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತಿದ್ದರು. ನಾವು ಒಬ್ಬೊಬ್ಬರಾಗಿ ಬಂದು ಅದನ್ನು ಮುಟ್ಟಿ ಆಣೆ ಮಾಡಬೇಕು.

"ಧಾರೆ ಸೀರೆ ಮದುಮಗಳ ಮೈಗೆ ಹೋಗೋಕೆ ಮುಂಚೆ ನಿಮ್ಮ ಕೈ ದಾಟಿ ಹೋಗುತ್ತೆ ಕಣ್ರಪ್ಪ. ಕೈ ಶುದ್ಧ ಇರಬೇಕು" ಎನ್ನುತ್ತಿದ್ದರು ಯಜಮಾನರು.

ಅವರು ಕೆಟ್ಟವರಾಗಿರಲಿಲ್ಲ. ಮಧ್ಯಾಹ್ನ ನಮ್ಮೆಲ್ಲರಿಗೂ ಅವರ ಅಡುಗೆಮನೆಯಿಂದಲೇ ಊಟ. ನಮ್ಮ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದರು. ಅವರನ್ನು ಕೆಟ್ಟವರನ್ನಾಗಿ ಬರೆದರೆ ನನ್ನ ಭಾರ ಇಳಿದೀತು. ಬರೆಯುವುದಿಲ್ಲ.

ನಾನು ಒಕ್ಕಲುತನದವರ ಮಗ. ನಮ್ಮ ಮನೆಯಲ್ಲಿ ಎಲ್ಲರೂ ತಿನ್ನುತ್ತಿದ್ದರು. ಸೇರುವಾಗ ಮಾತ್ರ, "ನಮ್ಮದು ದಾಸರ ಮನೆ, ಬುದ್ಧಿ. ತಾತನ ಕಾಲದಿಂದ ಮಾಂಸ ಮುಟ್ಟಿಲ್ಲ" ಎಂದಿದ್ದೆ. ಯಜಮಾನರು ನಂಬಿದ್ದರು. ನನ್ನ ಸಂಗಡಿಗ ನಂಜ ಹಾಗಲ್ಲ. "ನಮ್ಮ ಮನೇಲಿ ತಿಂತಾರೆ, ನಾನು ಬಿಡ್ತೀನಿ" ಎಂದು ನೇರವಾಗಿ ಹೇಳಿ ಸೇರಿದವನು. ಅವನು ಸೀರೆಯ ಕಡೆ, ನಾನು ಪಂಚೆ-ಶಲ್ಯದ ಕಡೆ. ಅವನ ಊರು ಮೇಟಗಳ್ಳಿ ದಾಟಿ ಒಳಕ್ಕೆ. ಆಗ ಅಲ್ಲೆಲ್ಲ ರಾಗಿ ಹೊಲ.

ಆ ವರ್ಷ ನಂಜನ ಅಪ್ಪ ತೀರಿಕೊಂಡಿದ್ದರು. ಪಿತೃಪಕ್ಷದ ಅಮಾವಾಸ್ಯೆಗೆ ಅವರಿಗೆ ಮೊದಲ ಎಡೆ. ನನ್ನನ್ನೂ ಕರೆದ. ನಮ್ಮವರಲ್ಲಿ ಹಿರಿಯರ ಹಬ್ಬವೆಂದರೆ ಸತ್ತವರಿಗೆ ಪ್ರಿಯವಾದದ್ದೆಲ್ಲ ಎಲೆಗೆ ಬರಬೇಕು — ಬಾಡು, ಮುದ್ದೆ, ವಡೆ, ಕೊನೆಗೊಂದು ಕಟ್ಟು ಬೀಡಿ. ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ನಾನೂ ಅವರ ಜೊತೆ ಜಗಲಿಯ ಮೇಲೆ ಮಾತಿಲ್ಲದೆ ಕಾದೆ. ಸ್ವಲ್ಪ ಹೊತ್ತಿಗೆ ನಂಜನ ಚಿಕ್ಕಪ್ಪ ಕೆಮ್ಮಿ, ಬಾಗಿಲು ತಟ್ಟಿ, ತೆಗೆದರು.

ಊಟಕ್ಕೆ ಕೂತಾಗ ನಂಜ ಬರಿ ಅನ್ನ ಮಜ್ಜಿಗೆ ಕಲಸಿಕೊಂಡ. ಚಿಕ್ಕಪ್ಪ ಸುಮ್ಮನಿರುತ್ತಾರೆಯೇ?

"ಏನ್ಲಾ, ಅಪ್ಪನ ಎಡೇನೇ ಬ್ಯಾಡ್ವಾ? ಬಟ್ಟೆ ಮಾರಿ ಮಾರಿ ನಾಲ್ಗೇನೂ ಮಾರ್ಬುಟ್ಟಾ?"

"ಗಜ ಮುಟ್ಟಿವ್ನಿ ಕಣ್ ಚಿಕ್ಕಪ್ಪ. ಬುಡು."

"ಸೀರೆ ಅಳೆಯೋ ಕಡ್ಡಿ ದೊಡ್ದಾಗೋಯ್ತು, ಎತ್ತಿ ಆಡಿಸ್ದ ಅಪ್ಪ ಚಿಕ್ಕೋನಾದ!"

ಪಂಕ್ತಿಯೆಲ್ಲ ನಕ್ಕಿತು. ನಂಜ ತಲೆ ತಗ್ಗಿಸಿಕೊಂಡು ಉಂಡ. ಅಪ್ಪನ ಎಡೆಯ ಮುಂದೆ ಕೂತೂ ಯಜಮಾನರಿಗೆ ಕೊಟ್ಟ ಮಾತು ಉಳಿಸಿಕೊಂಡ — ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ನಾನು ಪಂಕ್ತಿಯಲ್ಲಿ ಕೂರಲಿಲ್ಲ. ಯಾರಾದರೂ ಹೋಗಿ ಪೇಟೆಯಲ್ಲಿ ಹೇಳಿಬಿಟ್ಟರೆ ಎಂಬ ಭಯ. ಹಸಿವಿಲ್ಲ ಎಂದು ತಪ್ಪಿಸಿಕೊಂಡು, ಎಲ್ಲರೂ ಎದ್ದ ಮೇಲೆ ಒಲೆಯ ಪಕ್ಕ ಕೂತೆ. ನಂಜನ ತಾಯಿ ದೊಡ್ಡತಾಯಮ್ಮ ಎಲೆ ಹಾಕಿದರು.

"ನಿಂಗೂ ಅದೇನೋ ಆಣೆ ಐತಾ ಮಗ, ನಮ್ ನಂಜನ್ ತರ? ಇದು ಮರಿ ಬಾಡು ಕಣಪ್ಪ, ಮದ್ಲೇ ಏಳ್ಬುಡು."

"ನಂಗಿಲ್ಲ ಕಣವ್ವ. ಅದು ಸೀರೆ ಕಡೆಯೋರಿಗೆ ಮಾತ್ರ."

ನಂಜ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ನಕ್ಕನೇ ಹೊರತು ನನ್ನ ಸುಳ್ಳನ್ನು ಬಿಚ್ಚಲಿಲ್ಲ.

"ಅಂಗಾರೆ ನನ್ ಮಗನ ಪಾಲೂ ನೀನೇ ಉಣ್ಣಪ್ಪ. ಅವರಪ್ಪ ನೋಡ್ತಿರ್ತಾನೆ" ಎಂದರು ಅವ್ವ.

ಉಂಡೆ. ಇನ್ನೊಂದು ಸೌಟು ಕೇಳಿ, ಮಗನ ಪಾಲನ್ನೂ ಉಂಡೆ.

ನವರಾತ್ರಿ ಬಂತು. ದಸರಾ ನೋಡಲು ಹಳ್ಳಿಯವರೆಲ್ಲ ಊರೊಳಗೆ. ಅಂಗಡಿ ಕಿಕ್ಕಿರಿದಿತ್ತು. ದೊಡ್ಡತಾಯಮ್ಮ ತಮ್ಮೂರಿನ ನಾಲ್ಕಾರು ಹೆಂಗಸರನ್ನು ಕರೆದುಕೊಂಡು, ಮಗ ಕೆಲಸ ಮಾಡುವ ಜಾಗ ತೋರಿಸುವ ಸಂಭ್ರಮದಲ್ಲಿ ಬಂದರು. ಯಜಮಾನರು ನನ್ನ ಪಕ್ಕದಲ್ಲೇ ಕೂತು ಯಾರಿಗೋ ಶಲ್ಯ ತೋರಿಸುತ್ತಿದ್ದರು. ಅವ್ವ ನನ್ನನ್ನು ಕಂಡವರೇ ಮುಖ ಅರಳಿಸಿ —

"ಇವ್ನೇ ಕಣ್ರಮ್ಮ, ನಮ್ ನಂಜನ್ ಗೆಣೆಕಾರ! ಅಬ್ಬಕ್ಕೆ ಬಂದಿದ್ದ. ಮಗ, ಎಸ್ರು ಎಂಗಿತ್ತಪ್ಪ? ಎರಡ್ ದಪ ಆಕುಸ್ಕೊಂಡ ಕಣ್ರಮ್ಮ, ನನ್ ಒಟ್ಟೆ ತುಂಬೋಯ್ತು."

ಯಜಮಾನರ ಕೈ ಶಲ್ಯದ ಮೇಲೆ ನಿಂತಿತು. "ಏನು ಸಾರಮ್ಮ?" ಎಂದರು ಮೆಲ್ಲಗೆ.

"ಮರಿ ಬಾಡು ಸ್ವಾಮಿ. ಇರೀಕರ ಅಬ್ಬ ಅಲ್ವಾ."

ಆ ಕಡೆ ಸೀರೆ ಮಡಿಸುತ್ತಿದ್ದ ನಂಜ ತಲೆ ಎತ್ತಿದ. ಗಿರಾಕಿಗಳೂ ನಮ್ಮ ಕಡೆ ತಿರುಗಿದರು. ಯಜಮಾನರು ನನ್ನನ್ನೇ ನೋಡುತ್ತಿದ್ದರು — ಕೋಪದಿಂದಲ್ಲ, ಇದು ನಿಜವಾಗದಿರಲಿ ಎಂದು ಬೇಡಿಕೊಳ್ಳುವಂತೆ. ಆಗ ನನ್ನ ಬಾಯಿಂದ ಬಂತು:

"ನಂಗೆ ಗೊತ್ತಿರಲಿಲ್ಲ ಬುದ್ಧಿ. ಅಣಬೆ ಅಂತ ಹೇಳಿ ಬಡಿಸಿದ್ರು. ಅಣಬೆ ಅಂದ್ಕೊಂಡು ತಿಂದೆ."

ಅವ್ವ ನನ್ನನ್ನು ನೋಡಿದರು. ಮಗನನ್ನು ನೋಡಿದರು. ಬೆಳ್ಳಗೆ ಹಾಸಿದ ಹಾಸು, ಗೋಡೆಯ ದೇವರು, ಯಜಮಾನರ ಹಣೆಯ ನಾಮ — ಎಲ್ಲವನ್ನೂ ಒಮ್ಮೆ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಗುವುದು ನನಗೆ ಕಾಣಿಸಿತು. "ಥೂ ಸುಳ್ಳ" ಎನ್ನುತ್ತಾರೆ ಎಂದು ಕಾದೆ. ಅಂದಿದ್ದರೆ —

"ಊ ಬುದ್ದಿ" ಎಂದರು. "ನಾನೇ ಅಂಗಂದು ಬಡುಸ್ದೆ. ಮಗೀಗೆ ಗೊತ್ತಿಲ್ಲ. ಅದುರ್ ತೆಪ್ಪಲ್ಲ."

"ಅವ್ವಾ!" ಎಂದ ನಂಜ.

"ನೀ ಸುಮ್ಕಿರ್ಲಾ."

ಅವನು ಮತ್ತೆ ಸೀರೆಗೆ ಬಗ್ಗಿದ. ತಾಯಿಯ ಮಾತನ್ನು ಅಷ್ಟು ಜನರ ಎದುರು ಸುಳ್ಳು ಮಾಡಲಾರದೆ ಬಗ್ಗಿದ. ಜೊತೆಗೆ ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವ್ರತದಲ್ಲಿರುವವನಿಗೆ ಸುಳ್ಳು ಹೇಳಿ ಬಾಡು ಉಣಿಸುವುದು — ತಿನ್ನುವ ನಮ್ಮವರಲ್ಲೂ ಅದು ಮಹಾಪಾಪವೇ.

ಅಂದೇ ಸಂಜೆ ನಂಜನನ್ನು ತೆಗೆದರು. ಅವನು ತಿಂದನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವನ ಮನೆಯಲ್ಲಿ, ಅವನ ಕಣ್ಣೆದುರಿಗೆ ನಡೆಯಿತಲ್ಲ — ಅಷ್ಟು ಸಾಕಾಯಿತು.

ಸುದ್ದಿ ಊರಾಯಿತು. ಕಾಲೇಜಿನ ಹುಡುಗರು ಬಂದು ಬಾಗಿಲಲ್ಲಿ ಕೂಗಿದರು: "ಕೆಲಸ ಬೇಕು ಅಂದ್ರೆ ನಾಲಿಗೆ ತೋರಿಸಬೇಕೇನ್ರೀ?" ಹಳ್ಳಿಯ ಗಾಡಿಗಳು ನಮ್ಮ ಅಂಗಡಿ ದಾಟಿ ಮುಂದಕ್ಕೆ ಹೋಗತೊಡಗಿದವು. ಗೌಡರೊಬ್ಬರು ಮದುವೆಯ ಜವಳಿಯನ್ನೆಲ್ಲ ಆರಿಸಿಟ್ಟು, ಎದ್ದು ನಿಂತು, "ನಮ್ ದುಡ್ಡಿಗೆ ಬಾಡಿನ್ ವಾಸ್ನೆ ಬರಾಕಿಲ್ವಾ ನಿಮ್ಗೆ?" ಎಂದು ಕೇಳಿ ಬರಿಗೈಯಲ್ಲಿ ಹೊರಟುಹೋದರು. ಇನ್ನೊಂದು ಕಡೆ, ಇಂಥ ಶುದ್ಧ ಅಂಗಡಿ ಬೇರೆಲ್ಲಿದೆ ಎಂದು ಹುಡುಕಿಕೊಂಡು ಬಂದವರೂ ಇದ್ದರು. ಪುರಭವನದ ಮುಂದೆ ಸಭೆಗಳಾದವು — ಧಣಿಯ ಧರ್ಮ ಆಳಿನ ಅಡುಗೆಮನೆಗೂ ಬರಬಹುದೇ ಎಂದು ಒಬ್ಬರು, ತನ್ನ ಅಂಗಡಿಯಲ್ಲಿ ತನ್ನ ದೇವರನ್ನು ಇಟ್ಟುಕೊಳ್ಳುವುದು ತಪ್ಪೇ ಎಂದು ಇನ್ನೊಬ್ಬರು. ಎರಡು ಕಡೆಯವರೂ ನನ್ನ ಸುಳ್ಳಿನ ಮೇಲೆ ನಿಂತೇ ವಾದಿಸುತ್ತಿದ್ದರು. ಯಾರಿಗೂ ಅದು ಗೊತ್ತಿರಲಿಲ್ಲ.

ಕಂಪನಿಯವರು ಬಾಗಿಲಿಗೆ ಒಂದು ಬೋರ್ಡು ಹಾಕಲು ನಿಶ್ಚಯಿಸಿದರು: ನೌಕರನನ್ನು ತೆಗೆದದ್ದು ಜಾತಿಗಾಗಿ ಅಲ್ಲ, ಅವನ ಮನೆಯವರು ವ್ರತದಲ್ಲಿದ್ದ ಇನ್ನೊಬ್ಬ ನೌಕರನಿಗೆ ಮೋಸದಿಂದ ಮಾಂಸ ಉಣಿಸಿದ್ದಕ್ಕಾಗಿ ಎಂದು. ಅದಕ್ಕೂ ಮುಂಚೆ ಯಜಮಾನರು ನನ್ನೊಬ್ಬನನ್ನೇ ದೇವರ ಕೋಣೆಗೆ ಕರೆದರು.

"ಒಬ್ಬ ಮುದುಕಿ ಮೇಲೆ ಬರೀತಾ ಇದ್ದೀವಿ ಕಣಪ್ಪ. ನಿನ್ನ ಮಾತೊಂದೇ ಆಧಾರ. ಬೇರೆ ಏನಾದ್ರೂ ಇದ್ರೆ ಈಗ ಹೇಳಿಬಿಡು. ನಿನ್ನನ್ನ ನಾನು ತೆಗೆಯಲ್ಲ."

ತೆಗೆಯಲ್ಲ ಎಂದರು. ಕೆಲಸ ಹೋಗುತ್ತಿರಲಿಲ್ಲ. ಇಷ್ಟು ವರ್ಷ, ಕೆಲಸ ಹೋಗುತ್ತಿತ್ತು, ಮನೆಯಲ್ಲಿ ಕಷ್ಟವಿತ್ತು ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಹೋಗುತ್ತಿದ್ದದ್ದು ಅವರ ಕಣ್ಣಿನಲ್ಲಿ ನನಗಿದ್ದ ಬೆಲೆ, ಅಷ್ಟೇ. "ಅಣಬೆ ಅಂತಲೇ ಹೇಳಿದ್ರು ಬುದ್ಧಿ" ಎಂದೆ. ದೇವರ ಮುಂದೆ ಎಂದೆ.

ಈ ಗದ್ದಲದ ನಡುವೆಯೇ, ಆ ನವರಾತ್ರಿಯ ಆಯುಧಪೂಜೆಯಂದು ನನಗೆ ಪಂಚಗವ್ಯ ಕೊಟ್ಟು ಶುದ್ಧಿ ಮಾಡಿಸಿದರು. ತಿಳಿಯದೆ ಕೆಟ್ಟು, ತಿಳಿದು ಶುದ್ಧನಾದವನು ಎಂದು ಎಲ್ಲರೆದುರು ಹಾರ ಹಾಕಿದರು. ಆ ವರ್ಷದಿಂದ ಗಜಕಡ್ಡಿಯನ್ನು ಹಿಡಿದು ನಿಲ್ಲುವ ಗೌರವ ನನಗೆ. ಮಿಕ್ಕವರು ನನ್ನ ಕೈಯಲ್ಲಿದ್ದ ಕಡ್ಡಿಯನ್ನು ಮುಟ್ಟಿ ಆಣೆ ಮಾಡುತ್ತಿದ್ದರು. ಮುಂದೆ ನಜರ್‌ಬಾದಿನ ಅಂಗಡಿಗೆ ನನ್ನನ್ನೇ ಮೇಲ್ವಿಚಾರಕನನ್ನಾಗಿ ಮಾಡಿದರು.

ಇಷ್ಟೇ ಆಗಿದ್ದರೆ ಹೆದರಿದ ಹುಡುಗನ ತಪ್ಪು ಎಂದು ಯಾರಾದರೂ ಕ್ಷಮಿಸಬಹುದಿತ್ತೇನೋ. ಇಷ್ಟೇ ಅಲ್ಲ.

ಒಂದೆರಡು ವರ್ಷಗಳ ಮೇಲೆ ನಂಜ ನನ್ನ ಮನೆಗೆ ಬಂದ. ಹೊಲ ಮಾಡಿಕೊಂಡಿದ್ದ. ಕೆಲಸದ ಮಾತು ಎತ್ತಲಿಲ್ಲ.

"ನಮ್ಮೂರ್ ಮಾರಮ್ಮನ್ ಅಬ್ಬಕ್ಕೆ ತಂಬಿಟ್ಟು ಮಾಡೋದು ಅವ್ವನ ಕೈಯಿ ಕಣೋ. ಮದ್ವೆಯಾಗ್ ಬಂದಾಗ್ನಿಂದ್ಲೂ ಅವ್ಳೇ ಮಾಡ್ತಿದ್ಲು. ಈಗ ಕರೀತಿಲ್ಲ. ಸುಳ್ ಏಳಿ ಉಣ್ಣುಸ್ದೋಳ ಕೈದು ದೇವ್ರಿಗ್ ಬ್ಯಾಡ ಅಂತಾರೆ. ಪಕ್ಕದ್ ಮನೆ ಮಕ್ಳಿಗೂ ಅವ್ಳತ್ರ ತಿನ್ನಾಕ್ ಬುಡಲ್ಲ."

ನಾನು ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟೆ.

"ಪ್ಯಾಟೇಲಿ ಏಳ್ಬ್ಯಾಡ. ನಿನ್ ಯಜಮಾನ್ರಿಗೂ ಏಳ್ಬ್ಯಾಡ. ನಮ್ಮೂರಿಗ್ ಬಂದು, ಚಾವಡಿ ತಾವ ನಿಂತು, ಒಂದ್ ಮಾತು ಅಂದೋಗು. ಅವ್ಳು ಕೇಳ್ಕೊಂಡು ಬಾ ಅಂದಿಲ್ಲ, ನಾನಾಗೇ ಬಂದಿವ್ನಿ."

"ಬರ್ತೀನಿ ಕಣೋ. ಈ ಹಬ್ಬ ಕಳೀಲಿ" ಎಂದೆ.

ಹೋಗಲಿಲ್ಲ. ಆ ಹಬ್ಬ ಕಳೆಯಿತು, ಮತ್ತೊಂದು ಕಳೆಯಿತು. ನಂಜ ಮತ್ತೆ ಬರಲಿಲ್ಲ. ದೊಡ್ಡತಾಯಮ್ಮ ತೀರಿಕೊಂಡ ಸುದ್ದಿ ಬಟ್ಟೆ ಕೊಳ್ಳಲು ಬಂದ ಆ ಊರಿನವರೊಬ್ಬರಿಂದ ತಿಳಿಯಿತು. ನಾನು ಪಂಚೆ ಅಳೆಯುತ್ತಿದ್ದೆ. ಅಳತೆ ತಪ್ಪಲಿಲ್ಲ. ಅದೇ ಈಗ ನೆನಪಾಗಿ — ಆ ಹೊತ್ತಿನಲ್ಲೂ ನನ್ನ ಅಳತೆ ತಪ್ಪಲಿಲ್ಲವಲ್ಲ.

ಯಜಮಾನರು ಹೋದರು. ಕಂಪನಿಯೂ ಮಕ್ಕಳ ಕಾಲಕ್ಕೆ ಒಡೆದು ಹೋಯಿತು. ನಂಜ ಇದ್ದಾನೆ, ಕಣ್ಣು ಮಂಜಾಗಿದೆಯಂತೆ. ಅವ್ವನ ಹೆಸರಿಗೆ ಅವನೇ ಎಡೆ ಇಡುತ್ತಾನೆ. ಈ ಪಿತೃಪಕ್ಷದ ಅಮಾವಾಸ್ಯೆಗೆ ಆ ಊರಿಗೆ ಹೋಗುತ್ತೇನೆ. ಒಳಗೆ ಬಿಟ್ಟರೆ ಒಳಗೆ, ಬಿಡದಿದ್ದರೆ ಬೀದಿಯಲ್ಲಿ ನಿಲ್ಲುತ್ತೇನೆ. ಅಂದು ಅಂಗಡಿಯಲ್ಲಿ ಮುಖ ಮುಖ ನೋಡಿಕೊಂಡ ಆ ಹೆಂಗಸರು, ತಂಬಿಟ್ಟಿಗೆ ಕರೆಯದೆ ಹೋದ ಆ ಹಿರಿಯರು — ನನ್ನ ಮಾತು ಕೇಳಬೇಕಾಗಿದ್ದವರಲ್ಲಿ ಬಹಳ ಜನ ಈಗ ಆ ಊರಿನ ಎಡೆಗಳಿಗೆ ಬರುವವರೇ ಆಗಿದ್ದಾರೆ. ಅವರು ಬರುವ ದಿನ ಅದೊಂದೇ.

ಉಣ್ಣುವುದಿಲ್ಲ. ಯಾರಾದರೂ ಎಲೆ ಹಾಕಿದರೂ ಕೂರುವುದಿಲ್ಲ. ಧೂಪ ಹಾಕಿ, ಬಾಗಿಲು ಹಾಕಿಕೊಳ್ಳುವುದಕ್ಕೆ ಮುಂಚೆ, ಇದ್ದವರಿಗೂ ಇಲ್ಲದವರಿಗೂ ಕೇಳುವಂತೆ ಹೇಳಬೇಕು: ಅವ್ವಾ, ನೀವು ಬಾಡು ಎಂದು ಹೇಳಿಯೇ ಬಡಿಸಿದಿರಿ. ನಾನು ತಿಳಿದೇ ಉಂಡೆ. ಇನ್ನೊಂದು ಸೌಟು ಕೇಳಿದವನೂ ನಾನೇ.